ಮಿಣುಕುಹುಳವನ್ನು ಮಾತ್ರ ನಂಬಿದವಳು

ಅವರೆ ಹೂ ಬಿಡುವ ಕಾಲಕ್ಕೆ ನನ್ನ ಓರಗಿತ್ತಿಯ ಬಲಗೈ ಹೆಬ್ಬೆರಳಿನ ಉಗುರು ಹಸಿರಾಗುತ್ತಿತ್ತು. ಗಿಡದ ಹುಳಗಳನ್ನು ಆ ಉಗುರಿನಲ್ಲೇ ಹಿಸುಕುತ್ತಿದ್ದಳು. ತೊಳೆದರೂ ಬಣ್ಣ ಹೋಗುತ್ತಿರಲಿಲ್ಲ. ಅದೇ ಕೈಯಲ್ಲಿ ಮುದ್ದೆ ಕಟ್ಟುತ್ತಿದ್ದಳು. ಹೇಳಿದರೆ ಕೇಳುವವಳಲ್ಲ.

ನಾನು ಕೊಣನೂರಿನ ಹತ್ತಿರದ ಆ ಮನೆಗೆ ಸೊಸೆಯಾಗಿ ಬಂದಾಗ ಅವಳೇ ಹಿರಿಯಳು. ಅಕ್ಕ ಎನ್ನುತ್ತಿದ್ದೆ. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಆ ವರ್ಷ ಅವರೆಗೆ ಹುಳ ಬಿದ್ದು, ಸಾರಿಗೆ ಕಾಳೇ ಇಲ್ಲದಂತಾಗುತ್ತದೇನೋ ಎಂದು ಮನೆಯವರೆಲ್ಲ ಹೆದರಿದ್ದೆವು. ಸೈಕಲ್ಲಿನಲ್ಲಿ ಬಂದ ಗ್ರಾಮಸೇವಕರು, ಮೈಮೇಲೆ ಅಕ್ಕಿಕಾಳಿನಂಥ ಬಿಳಿ ಗೂಡುಗಳಿದ್ದ ಹುಳವೊಂದನ್ನು ತೋರಿಸಿ, ಇಂಥವನ್ನು ಮಾತ್ರ ಕೊಲ್ಲಬೇಡಿ ಎಂದರು. ಸಣ್ಣ ಕಣಜದ ಮರಿಗಳು ಹುಳವನ್ನು ಒಳಗಿನಿಂದ ತಿಂದು, ಹೊರಬಂದು ಕಟ್ಟಿದ ಗೂಡುಗಳೇ ಅವು. ಬದುವಿನ ಮಿಣುಕುಹುಳವೂ ನಮ್ಮ ಕಡೆಯದೇ, ಅದರ ಮರಿ ಬಸವನಹುಳ ತಿನ್ನುತ್ತದೆ ಎಂದರು.

ಮಿಣುಕುಹುಳದ ಮಾತನ್ನು ಅಕ್ಕ ಕೂಡಲೇ ಒಪ್ಪಿದಳು. ಬದುವಿನ ಹುಲ್ಲಿಗೆ ಕುಡುಗೋಲು ಹಿಡಿದು ಬಂದವರನ್ನೆಲ್ಲ ಬೈದು ಕಳಿಸಿದಳು. ಕಣಜದ ಮಾತು ಕಿವಿಗೇ ಹೋಗಲಿಲ್ಲ. ಬಿಳಿ ಗೂಡುಗಳನ್ನು ಹುಳದ ಮೊಟ್ಟೆಯೆಂದು ತಿಳಿದು, ಅಂಥವನ್ನೇ ಹುಡುಕಿ ಹುಡುಕಿ ತಂದು ಒಲೆಗೆ ಸುರಿಯುತ್ತಿದ್ದಳು. ನನಗೆ ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು.

"ಅದು ದೀಪ ಅಚ್ಕೊಂಡು ಬತ್ತದೆ, ನಂಬ್ತೀನಿ. ಕಣ್ಗೇ ಕಾಣ್ದಿದ್ದು ನಮ್ ವಲ ಕಾಯ್ತದೇನಮ್ಮಿ?" ಅನ್ನುವಳು.

ಗೂಡು ಹೊತ್ತ ಹುಳವೊಂದನ್ನು ಲಾಟೀನಿನ ಗಾಜಿನೊಳಗಿಟ್ಟು ಎರಡೂ ಬಾಯಿಗೆ ಬಟ್ಟೆ ಕಟ್ಟಿದೆ. ಕೆಲವು ದಿನಕ್ಕೆ ಸಾಸಿವೆಗಿಂತ ಸಣ್ಣ ಕಣಜಗಳು ಹೊರಬಂದವು. ಕರೆದು ತೋರಿಸಿದೆ. ಅಕ್ಕ ಬಹಳ ಹೊತ್ತು ನೋಡಿದಳು.

"ಇವು ನುಸಿ ಕಣಮ್ಮಿ. ನಿನ್ ಗಾಜ್ನಾಗೆ ಕಸ ಐತೆ."

ಆ ದಿನ ಅವಳೊಡನೆ ಮಾತಾಡಲಿಲ್ಲ. ಮರುದಿನದಿಂದ ಒಲೆಗೆ ಬಿಳಿ ಗೂಡು ಬೀಳುವುದು ನಿಂತಿತು. ಏಕೆಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವರೆ ಅರ್ಧವಾದರೂ ಕೈಗೆ ಬಂತು.

ಕೆಲವು ವರ್ಷಗಳ ಮೇಲೆ ಜ್ವರ ಬಂದು ಅಕ್ಕ ತೀರಿಕೊಂಡಳು. ತಿಥಿಯ ದಿನ ಪಕ್ಕದ ಹೊಲದ ಹೆಂಗಸು ನನ್ನ ಬಳಿ ಕುಳಿತು ಕಣ್ಣೊರೆಸಿಕೊಂಡಳು.

"ಮೈಮ್ಯಾಲೆ ಅಕ್ಕಿಕಾಳ್ ಇರೋ ಉಳನ ಮುಟ್ಬ್ಯಾಡಿ ಅಂತ ಊರ್ಗೆಲ್ಲ ಯೋಳ್ಕೊಟ್ಟೋಳೇ ನಿಮ್ಮಕ್ಕ. ನಿಂಗೂ ಎಷ್ಟೋ ಯೋಳುದ್ಲಂತೆ ಕಣವ್ವ, ನೀನೇ ಕೇಳ್ಳಿಲ್ವಂತೆ."

ನನಗೆ ಮೈಯೆಲ್ಲ ಉರಿಯಿತು. ಇದೇನೆಂದು ಅಕ್ಕನನ್ನೇ ಕೇಳಿಬಿಡೋಣ ಎಂದು ಎದ್ದು, ನಡುಮನೆ ದಾಟಿ, ಅಡುಗೆಮನೆಯ ಬಾಗಿಲವರೆಗೂ ಹೋದೆ.