ಬಟ್ಟೆಗೆ ಹಿಡಿಯದ ಬಣ್ಣ

ಬರುವ ದೀಪಾವಳಿಗೆ ಯಾವ ಬಣ್ಣದ ಕುಪ್ಪಸ ಹೆಚ್ಚು ಓಡುತ್ತದೆ ಎಂಬುದು, ಅದನ್ನು ತೊಡುವ ಹೆಂಗಸರಿಗಿಂತ ಎರಡು ತಿಂಗಳು ಮೊದಲೇ ನನಗೆ ಗೊತ್ತಿರುತ್ತಿತ್ತು. ಇದನ್ನು ಹೇಳಿಕೊಂಡು ನೆಂಟರ ಮದುವೆಗಳಲ್ಲಿ ನಾನು ಒಂದಿಷ್ಟು ಮರ್ಯಾದೆ ಗಳಿಸಿದ್ದೂ ಉಂಟು. ನಾನೇನು ಜ್ಯೋತಿಷಿಯಲ್ಲ. ಮಹಾರಾಷ್ಟ್ರದ ಇಚಲಕರಂಜಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಕಲರ್ ಮಾಸ್ತರನಾಗಿದ್ದೆ, ಅಷ್ಟೇ. ಯಾವ ಬಣ್ಣಕ್ಕೆ ಆರ್ಡರ್ ಬಂದಿದೆ ಎಂಬುದು ಮೊದಲು ಮಾಲಕರಿಗೆ ತಿಳಿಯುತ್ತಿತ್ತು, ಆಮೇಲೆ ನನಗೆ. ನನ್ನ ನಂತರ ಅದು ತಿಳಿಯುತ್ತಿದ್ದುದು ಪಂಚಗಂಗಾ ನದಿಗೆ. ಅಂಗಡಿಯವರದು ನಾಲ್ಕನೆಯ ನಂಬರು.

ಬಣ್ಣದ ಮಾಸ್ತರನಿಗೆ ಇರುವ ದೊಡ್ಡ ಹೆಮ್ಮೆ, ತಾನು ಹಾಕಿದ ಬಣ್ಣ ಬಿಡುವುದಿಲ್ಲ ಎಂಬುದು. ನನಗೂ ಅದಿತ್ತು. ಹೆಂಗಸರು ಅಂಗಡಿಯಲ್ಲಿ ಕರವಸ್ತ್ರದ ತುದಿಯನ್ನು ನಾಲಿಗೆಗೆ ತಾಗಿಸಿ ಬಟ್ಟೆಯನ್ನು ಉಜ್ಜಿ ನೋಡುತ್ತಾರಲ್ಲ, ಆ ಪರೀಕ್ಷೆಯಲ್ಲಿ ನನ್ನ ಬಟ್ಟೆ ಒಮ್ಮೆಯೂ ನಪಾಸಾಗಲಿಲ್ಲ. ಆದರೆ ಬಟ್ಟೆ ತನಗೆ ಬೇಕಾದಷ್ಟು ಬಣ್ಣವನ್ನು ಮಾತ್ರ ಹೀರಿಕೊಳ್ಳುತ್ತದೆ. ಹಿಡಿಯದೆ ಉಳಿದ ಬಣ್ಣ, ಅದರ ಜೊತೆಗೆ ಸುರಿದ ಉಪ್ಪು, ಕಾಸ್ಟಿಕ್ ಸೋಡಾ ಎಲ್ಲವೂ ನೀರಿನಲ್ಲಿ ಉಳಿಯುತ್ತವೆ. ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ಕರವಸ್ತ್ರ ಹಿಡಿದ ಯಾವ ಅಕ್ಕನೂ ಕೇಳಲಿಲ್ಲ. ನಾನೂ ನನ್ನನ್ನು ಕೇಳಿಕೊಳ್ಳಲಿಲ್ಲ. ಮನೆಯಲ್ಲಿ ಮಾತ್ರ ನನಗೆ ಬಿಳಿ ಅಂಗಿಯೇ ಬೇಕಾಗಿತ್ತು. ಹೆಂಡತಿ ನಗುತ್ತಿದ್ದಳು. "ಮಿಠಾಯಿ ಮಾಡಾಂವ ಮಿಠಾಯಿ ತಿನ್ನೂದಿಲ್ಲಂತ. ಹಂಗಾತು ನಿಮ್ಮ ಕತಿ" ಎನ್ನುತ್ತಿದ್ದಳು.

ನಮ್ಮ ಸೀಮೆಯ ನದಿಗಳ ಹೆಸರುಗಳನ್ನು ಯಾರು ಇಟ್ಟರೋ, ಅವರಿಗೆ ಬಣ್ಣದ ಕಣ್ಣಿತ್ತು. ನಮ್ಮೂರು ಗಡಹಿಂಗ್ಲಜದ ನದಿ ಹಿರಣ್ಯಕೇಶಿ, ಚಿನ್ನದ ಕೂದಲಿನವಳು. ಕೋವಾಡದ ಮಗ್ಗುಲಲ್ಲಿ ಹರಿಯುವುದು ತಾಮ್ರಪರ್ಣಿ, ತಾಮ್ರದ ಎಲೆಯವಳು. ಕೊಲ್ಹಾಪುರದ ಪಂಚಗಂಗೆಯದು ಇನ್ನೂ ಸ್ವಾರಸ್ಯ. ಐದು ಹೊಳೆ ಕೂಡಿ ಪಂಚಗಂಗೆ ಎನ್ನುತ್ತಾರೆ, ಎಣಿಸಿದರೆ ಕಾಣುವುದು ನಾಲ್ಕೇ. ಐದನೆಯದು ಗುಪ್ತವಾಗಿ ಹರಿಯುವ ಸರಸ್ವತಿಯಂತೆ. ಆಮೇಲೆ ಊರು ಬೆಳೆದು ಆರನೆಯದು, ಏಳನೆಯದು ಎಂದು ಗಟಾರಗಳು ಬಂದು ಕೂಡಿಕೊಂಡವು. ಅವು ಗುಪ್ತವಾಗೇನೂ ಹರಿಯುವುದಿಲ್ಲ. ಬೇಸಿಗೆ ಬಂತೆಂದರೆ ಇಚಲಕರಂಜಿಯ ಹತ್ತಿರ ನದಿಯ ಮೇಲೆ ಒಂದು ಹಸಿರು ಕಳೆ ದಂಡೆಯಿಂದ ದಂಡೆಗೆ ಹಬ್ಬಿ ನೀರೇ ಕಾಣದ ಹಾಗೆ ಮುಚ್ಚಿಬಿಡುತ್ತದೆ. ಕೊಳೆಯೇ ಅದಕ್ಕೆ ಗೊಬ್ಬರ. ಅದಕ್ಕೂ ಜನ ಚೆಂದದ ಹೆಸರು ಕೊಟ್ಟಿದ್ದಾರೆ, ಜಲಪರ್ಣಿ ಅಂತ. ಹೆಸರಿಡುವುದರಲ್ಲಿ ಮಾತ್ರ ನಾವು ಇನ್ನೂ ಸೋತಿಲ್ಲ.

ನಾನು ಹೇಳಬೇಕಾದದ್ದು ಕೆಲವು ವರ್ಷಗಳ ಹಿಂದಿನ ಒಂದು ಏಪ್ರಿಲ್ ತಿಂಗಳಿನ ಮಾತು. ನಮ್ಮ ಕಾರ್ಖಾನೆಯ ಹೊಲಸು ನೀರು ಪೈಪಿನಲ್ಲಿ ಹೋಗಿ ಒಂದು ದೊಡ್ಡ ತೊಟ್ಟಿ ಸೇರಬೇಕು, ಅಲ್ಲಿ ಶುದ್ಧವಾಗಬೇಕು ಎಂಬುದು ನಿಯಮ. ಆ ವಾರ ತೊಟ್ಟಿಯ ಮೋಟಾರು ಸುಟ್ಟುಹೋಗಿತ್ತು. ತೊಟ್ಟಿ ತುಂಬಿ ಅಂಚಿಗೆ ಬಂದಿತ್ತು. ಮದುವೆಯ ಹಂಗಾಮು ಬೇರೆ, ಆರ್ಡರುಗಳು ಕುತ್ತಿಗೆಗೆ ಬಂದಿದ್ದವು. ಮಾಲಕರು ಕೆಟ್ಟವರಲ್ಲ. ನನ್ನ ಮಗಳ ಮದುವೆಯಲ್ಲಿ ನಿಂತು ಬಡಿಸಿದವರು. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ಮರಾಠಿಯಲ್ಲಿ, "ಮಾಸ್ತರ, ದೋನ ದಿವಸ ನಾಲ್ಯಾತ ಸೋಡಾ" ಎಂದರು. ಎರಡು ದಿನ ನಾಲೆಗೆ ಬಿಡಿ ಎಂದು. ಅದು ನೇರ ನದಿಗೆ ಹೋಗುವ ನಾಲೆ. ವಾಲ್ವ್ ತಿರುಗಿಸುವ ಆಳು ಅವತ್ತು ಬಂದಿರಲಿಲ್ಲ. ನಾನೇ ತಿರುಗಿಸಿದೆ. ಅಂದಿನ ಬಣ್ಣ ಕಡುನೀಲಿ.

ಮಧ್ಯಾಹ್ನ ಸ್ಕೂಟರ್ ತೆಗೆದುಕೊಂಡು ನದಿಗೆ ಹೋದೆ. ಪಶ್ಚಾತ್ತಾಪದಿಂದ ಹೋದೆ ಎಂದು ಬರೆದರೆ ನಿಮಗೆ ನನ್ನ ಮೇಲೆ ಸ್ವಲ್ಪ ಪ್ರೀತಿ ಬರಬಹುದು, ಆದರೆ ಅದು ನಿಜವಲ್ಲ. ನಾಲೆ ನದಿಗೆ ಕೂಡುವಲ್ಲಿ ಬಣ್ಣ ಎಷ್ಟು ದೂರ ಕಾಣುತ್ತದೆ, ಯಾರಾದರೂ ತಕರಾರು ಮಾಡುವಷ್ಟು ಕಾಣುತ್ತದೆಯೇ ಎಂದು ನೋಡಿ ಬರಲು ಹೋಗಿದ್ದೆ. ನಾಲೆಯ ಬಾಯಲ್ಲಿ ಜಲಪರ್ಣಿ ಇರಲಿಲ್ಲ, ಅಲ್ಲಿಯ ನೀರು ಮೊದಲೇ ಕಪ್ಪಗಿತ್ತು. ಕಪ್ಪಿನಲ್ಲಿ ನೀಲಿ ಅಷ್ಟಾಗಿ ಕಾಣುತ್ತಿರಲಿಲ್ಲ. ಸಮಾಧಾನವಾಯಿತು. ಅಷ್ಟರಲ್ಲಿ ಗಡಹಿಂಗ್ಲಜದಿಂದ ತಂಗಿಯ ಫೋನು ಬಂತು. ದಂಡೆಯ ಜಾಲಿ ಗಿಡದ ನೆರಳಲ್ಲಿ ನಿಂತು ಅವಳ ಜೊತೆ ಮಾತಾಡಿದೆ.

ಫೋನು ಕಿಸೆಗಿಟ್ಟು ತಿರುಗಿದರೆ ಹಿಂದೆ ಒಬ್ಬ ಹೆಣ್ಣುಮಗಳು ನಿಂತಿದ್ದಳು. ನಲವತ್ತು ದಾಟಿದ ವಯಸ್ಸು, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಅವಳ ಹಿಂದೆ ಇಳಿಜಾರಿನ ತುಂಬ ಕುರಿಗಳು. ಅವಳ ಹೆಸರು ಲಗಮವ್ವ ಎಂದು ನನಗೆ ಗೊತ್ತಾದದ್ದು ಮರುದಿನ. ಗಡಹಿಂಗ್ಲಜದ ಆಚೆ ಗಡಿಯ ಹಳ್ಳಿಯವಳು. ಗಂಡ ಬೀರಪ್ಪನ ಜೊತೆ ಊರೂರು ಕುರಿ ಮೇಯಿಸುತ್ತ ಬಂದಿದ್ದಳು. ಪ್ರತಿವರ್ಷ ಅವರು ನೀರಿಗಿಳಿಯುತ್ತಿದ್ದ ಹಳ್ಳ ಆ ಸಲ ಬತ್ತಿತ್ತು. ಉಣ್ಣೆ ಕತ್ತರಿಸುವ ಮೊದಲು ಕುರಿಗಳ ಮೈ ತೊಳೆಯಬೇಕು, ಅದಕ್ಕೆಂದು ಇತ್ತ ತಿರುಗಿದ್ದರು.

"ಅಣ್ಣಾರ, ಕನ್ನಡ ಮಾತಾಡಾಕತ್ತಿದ್ರಿ, ಕೇಳಿ ಬಂದೆ" ಎಂದಳು. "ಕುರಿ ಭಾಳ ನೀರಡಿಸ್ಯಾವ್ರಿ. ಈ ನೀರ ಕುಡದರ ನಡೀತೈತೇನ್ರಿ?"

ಹದಿನೆಂಟು ವರ್ಷದಲ್ಲಿ ಆ ನೀರಿನ ಬಗ್ಗೆ ನನ್ನನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಉತ್ತರ ನನ್ನ ಬಾಯಲ್ಲೇ ಇತ್ತು. ಇಲ್ಲ ಎಂಬ ಒಂದೇ ಶಬ್ದ. ಆದರೆ ಇಲ್ಲ ಎಂದರೆ ಯಾಕೆ ಎನ್ನುತ್ತಾಳೆ, ಯಾಕೆ ಎಂದು ಹೇಳಿದರೆ ನಿಮಗೆ ಹೇಗೆ ಗೊತ್ತು ಎನ್ನುತ್ತಾಳೆ.

"ನನಗೇನ್ ಗೊತ್ತವಾ ತಂಗಿ, ನಾ ಈ ಊರಾಂವ ಅಲ್ಲ" ಎಂದೆ.

ಸ್ಕೂಟರ್ ಹತ್ತಿದಾಗ "ಮ್ಯಾಲಿನ ಕಡೆ ಹೊಡ್ಕೊಂಡ ಹೋದರ ಛಲೋ" ಎಂದೂ ಅಂದಂತೆ ನೆನಪು. ಗಟ್ಟಿಯಾಗಿ ಅಂದೆನೋ, ಮನಸ್ಸಿನಲ್ಲೇ ಅಂದುಕೊಂಡೆನೋ, ಇವತ್ತಿಗೂ ಖಾತ್ರಿಯಿಲ್ಲ. ಅವಳು ಕೇಳಿಸಿಕೊಳ್ಳಲಿಲ್ಲ ಎಂಬುದು ಮಾತ್ರ ಖಾತ್ರಿ.

ಮರುದಿನ ಬೆಳಿಗ್ಗೆ ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ಪಾಳಿಗೆ ಹೋಗುವ ಮೊದಲು ದಂಡೆಗೆ ಹೋದೆ. ದೂರದಿಂದಲೇ ತಿಳಿಯಿತು. ಕುರಿಹಿಂಡು ಎಂದರೆ ಸದ್ದು, ಅಲ್ಲಿ ಸದ್ದೇ ಇರಲಿಲ್ಲ. ಏಳು ಕುರಿ, ಎರಡು ಮರಿ ಸಾಲಾಗಿ ಬಿದ್ದಿದ್ದವು, ಬಾಯಲ್ಲಿ ನೊರೆ. ಇನ್ನಷ್ಟು ಕುರಿಗಳು ನಿಲ್ಲಲಾರದೆ ಮಂಡಿಯೂರಿದ್ದವು. ಬೀರಪ್ಪ ದನದ ಡಾಕ್ಟರನ್ನು ಕರೆತರಲು ಹೋಗಿದ್ದ. ಲಗಮವ್ವ ಒಂದು ಕುರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಊರೊಳಗಿಂದ ತಂದ ಕೊಡದ ನೀರನ್ನು ಅಂಗೈಯಲ್ಲಿ ಹಿಡಿದು ಅದರ ಬಾಯಿಗೆ ಬಿಡುತ್ತಿದ್ದಳು. ದೊಡ್ಡ ಕುರಿಗಳು ಮೂಸಿ ಹಿಂದೆ ಸರಿದಿದ್ದವಂತೆ. ಮರಿಗಳಿಗೆ ತಡೆಯಲಾಗಲಿಲ್ಲ. ಮರಿಗಳು ಕುಡಿದದ್ದನ್ನು ನೋಡಿ ಕೆಲವು ತಾಯಿಗಳೂ ಬಾಯಿ ಹಾಕಿದವಂತೆ.

ನಾನು ಅವಳ ಎದುರು ಕೂತೆ. "ತಂಗಿ, ನಿನ್ನೆ ನಾ ಸುಳ್ಳ ಹೇಳಿದೆ. ನನಗ ಗೊತ್ತಿತ್ತು. ಆ ನೀರ ಬಿಟ್ಟಾಂವ ನಾನಽ."

ಅವಳು ಬೈಯುತ್ತಾಳೆ, ಕೋಲು ಎತ್ತುತ್ತಾಳೆ ಎಂದುಕೊಂಡಿದ್ದೆ. ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳು ನನ್ನ ಕೈ ನೋಡಿದಳು. ಎಷ್ಟು ತೊಳೆದರೂ ಬಣ್ಣದ ಮಾಸ್ತರನ ಉಗುರಿನ ಸಂದಿಯ ಬಣ್ಣ ಹೋಗುವುದಿಲ್ಲ.

"ನಿಮ್ಮ ಉಗುರ ನಿನ್ನೆನ ನೋಡಿದ್ನಿರಿ" ಎಂದಳು. "ಆದ್ರ ಮಾತ ನಮ್ಮ ಕಡೀದಿತ್ತಲ್ರಿ. ಅದನ್ನ ನಂಬಿದೆ."

ಹದಿನೆಂಟು ವರ್ಷ ಮರಾಠಿಯವರ ನಡುವೆ ಕನ್ನಡ ಬಿಡಲಿಲ್ಲ ಎಂದು ಬೀಗುತ್ತಿದ್ದವನು ನಾನು. ಆ ಕನ್ನಡ ಕೊನೆಗೆ ಈ ಕೆಲಸಕ್ಕೆ ಬಂತು.

ಎದ್ದು ಕಾರ್ಖಾನೆಗೆ ಹೋದೆ. ಯಾರನ್ನೂ ಕೇಳದೆ ಬೋರಿನ ನೀರಿನ ಟ್ಯಾಂಕರ್ ತರಿಸಿ, ಡ್ರೈವರನ ಪಕ್ಕದಲ್ಲಿ ಕೂತು ದಂಡೆಗೆ ಬಂದೆ. ಉಳಿದ ಹಿಂಡಿಗೆ ಆ ನೀರು ಕುಡಿಸಿದೆವು. ಬೀರಪ್ಪ ಡಾಕ್ಟರರನ್ನು ಕರೆತಂದ. ಅವರು ಸೂಜಿ ಚುಚ್ಚಿದರು, ಔಷಧಿ ಕುಡಿಸಿದರು. ಸಂಜೆಯ ಹೊತ್ತಿಗೆ ಮಂಡಿಯೂರಿದವುಗಳಲ್ಲಿ ಹೆಚ್ಚಿನವು ಎದ್ದು ನಿಂತವು. ಬೀರಪ್ಪ ಸತ್ತವನ್ನು ಹೂಳಲು ಗುದ್ದಲಿ ತಂದಾಗ ಒಂದು ಗುದ್ದಲಿಯನ್ನು ನನ್ನ ಮುಂದೆ ಇಟ್ಟ. ನಾನು ತೆಗೆದುಕೊಂಡೆ. ಅಷ್ಟೇ ನಮ್ಮಿಬ್ಬರ ಮಾತುಕತೆ.

ಮರುದಿನ ನೀರಿನ ಪರೀಕ್ಷೆಗೆಂದು ಸರಕಾರದ ಮನುಷ್ಯ ಬಾಟಲಿ ಹಿಡಿದು ಬಂದ. ನೀರು ತುಂಬಿಕೊಂಡ. ಕಾರ್ಖಾನೆಗೂ ಬಂದು, ನಾಲೆಗೆ ನೀರು ಬಿಟ್ಟವರು ಯಾರು ಎಂದು ಕೇಳಿದ. ಮಾಲಕರು ನನ್ನತ್ತ ನೋಡಿದರು. ನಾನೇ ಎಂದೆ, ಬರೆದುಕೊಡಿ ಎಂದ, ಬರೆದುಕೊಟ್ಟೆ. ಮಾಲಕರು ಬೇಡ ಅನ್ನಲಿಲ್ಲ, ಒಳಗೆ ಕರೆದು ಚಹಾ ಕೊಟ್ಟರು. "ಮಾಸ್ತರ, ಸಗಳೇಚ ಸೋಡತಾತ ಕೀ" ಎಂದರು. ಎಲ್ಲರೂ ಬಿಡುತ್ತಾರಲ್ಲ ಎಂದು. ಅದು ಸುಳ್ಳಾಗಿರಲಿಲ್ಲ. ಮೇಲೆ ಕೊಲ್ಹಾಪುರದ ಗಟಾರ, ನಡುವೆ ನಾಕಾರು ಊರುಗಳ ಹೊಲಸು, ಕೆಳಗೆ ನಮ್ಮಂಥವರು. ಆ ಒಂಬತ್ತು ಜೀವಗಳನ್ನು ಕೊಂದದ್ದು ನನ್ನ ನೀಲಿಯೇ ಎಂದು ಯಾವ ಬಾಟಲಿಯೂ ಹೇಳಲಾರದು. ಎಲ್ಲರೂ ಕೂಡಿ ಮಾಡಿದ ಪಾಪ ಒಬ್ಬೊಬ್ಬರ ಪಾಲಿಗೆ ಬರುವಾಗ ಎಷ್ಟು ತೆಳುವಾಗಿಬಿಡುತ್ತದೆ! ನೀರಿಗೆ ಬಿದ್ದ ಬಣ್ಣದ ಹಾಗೆಯೇ. ನದಿಯೊಂದಕ್ಕೆ ಮಾತ್ರ ಅದು ತೆಳುವಾಗುವುದಿಲ್ಲ.

ಕಾರ್ಖಾನೆ ಕೆಲವು ದಿನ ಮುಚ್ಚಿತು, ಮತ್ತೆ ತೆರೆಯಿತು. ಬಾಟಲಿಯ ವರದಿ ಏನಾಯಿತೋ ನನಗೆ ತಿಳಿಯಲಿಲ್ಲ. ವಯಸ್ಸಾಯಿತು, ಇನ್ನು ವಿಶ್ರಾಂತಿ ತಗೊಳ್ಳಿ ಎಂದು ಮಾಲಕರು ಮೆತ್ತಗೆ ಹೇಳಿದರು. ನಾನೂ ಮೆತ್ತಗೆ ಒಪ್ಪಿದೆ. ಗಡಹಿಂಗ್ಲಜಕ್ಕೆ ಬಂದು ತಂಗಿಯ ಗಂಡನ ಬಟ್ಟೆ ಅಂಗಡಿಯಲ್ಲಿ ಕೂತೆ. ಅಲ್ಲೂ ಹೆಂಗಸರು ಕರವಸ್ತ್ರದ ತುದಿ ಒದ್ದೆ ಮಾಡುತ್ತಾರೆ. ಬಣ್ಣ ಹೋಗೂದಿಲ್ರಿ ಅಕ್ಕಾರ ಎಂದು ನಾನು ಹೇಳುವುದಿಲ್ಲ. ನೀವಽ ನೋಡ್ರಿ ಎನ್ನುತ್ತೇನೆ.

ಒಂದು ವರ್ಷ ಕಳೆದು ಒಂದು ದಿನ ಫೋನು ಬಂತು. ಡಾಕ್ಟರರಿಂದ ಮತ್ತೆ ಔಷಧಿ ತರಿಸಬೇಕಾದರೆ ಇರಲಿ ಎಂದು ಅವತ್ತು ಲಗಮವ್ವನಿಗೆ ನನ್ನ ನಂಬರು ಕೊಟ್ಟಿದ್ದೆ.

"ಅಣ್ಣಾರ, ನಾ ಲಗಮವ್ವ. ಬರೂ ವಾರ ಮುರಗೂಡ ಕಡೆ ಇಳಿಯಾಕತ್ತೇವ್ರಿ. ಅಲ್ಲಿ ನೀರ ಹೆಂಗದಾವ?"

ನನಗೆ ನಾಚಿಕೆಯಾಯಿತು. "ಒಮ್ಮೆ ಸುಳ್ಳ ಹೇಳಿದಾಂವನ್ನ ಮತ್ತ ಯಾಕ ಕೇಳ್ತಿ ತಂಗಿ?" ಎಂದೆ.

"ಕಳವಿನ ದಾರಿ ಕಳ್ಳಗ ಗೊತ್ತಿರತೈತ್ರಿ" ಎಂದಳು. ಬೈಗುಳವಲ್ಲ, ನನ್ನ ವಿದ್ಯೆಗೆ ಕೊಟ್ಟ ಸರ್ಟಿಫಿಕೇಟು.

ಅವತ್ತೇ ಸ್ಕೂಟರ್ ತೆಗೆದೆ. ಮುರಗೂಡಕ್ಕೆ ಹೋಗಿ ನದಿಯ ದಂಡೆಯುದ್ದಕ್ಕೂ ನಡೆದೆ. ಎಲ್ಲಿ ಗಟಾರ ಕೂಡುತ್ತದೆ, ಎಲ್ಲಿ ನೊರೆ ನಿಲ್ಲುತ್ತದೆ, ಎಲ್ಲಿ ಮೀನು ಇನ್ನೂ ಮೇಲೆದ್ದು ಮುಳುಗುತ್ತದೆ ಎಂದೆಲ್ಲ ನೋಡಿಬಂದು ಹೇಳಿದೆ. ಆಮೇಲೆ ಪ್ರತಿ ಬೇಸಿಗೆಗೂ ಅದು ರೂಢಿಯಾಯಿತು. ನೇಸರಿಯ ಕಡೆ ಘಟಪ್ರಭೆ, ಕೋವಾಡದ ತಾಮ್ರಪರ್ಣಿ ಎಲ್ಲ ನನ್ನ ತಪಾಸಣೆಗೆ ಒಳಪಟ್ಟವು. ಲಗಮವ್ವನಿಂದ ಬೇರೆ ಹಿಂಡಿನವರಿಗೂ ನನ್ನ ನಂಬರು ಹೋಯಿತು. "ಕುರಿಗೋಳ ಸಾಹೇಬರು ಹೊಂಟ್ರು ನೋಡ್ರಿ" ಎಂದು ಹೆಂಡತಿ ಅಂಗಡಿಗೆ ಬಂದವರೆದುರು ಹೇಳುತ್ತಾಳೆ. ಹೇಳಲಿ. ಇದಕ್ಕಿಂತ ದೊಡ್ಡ ಹುದ್ದೆ ನನಗೆ ಸಿಗುವ ಹಾಗಿಲ್ಲ.

ಆದರೆ ಈ ಹುದ್ದೆಯಲ್ಲಿ ಸುಖವಿಲ್ಲ. ಹೋದ ವರ್ಷ ಹೌದು ಎಂದ ಜಾಗಕ್ಕೆ ಈ ವರ್ಷ ಬೇಡ ಎನ್ನಬೇಕಾಗುತ್ತದೆ. ಬೇಡ ಎಂದ ಜಾಗ ಮತ್ತೆ ಹೌದು ಆದದ್ದನ್ನು ನಾನು ಇನ್ನೂ ಕಂಡಿಲ್ಲ.

ಈ ಸಲ ಮಾರ್ಚಿನಲ್ಲಿ ಲಗಮವ್ವನ ಫೋನು ಬಂದಾಗ ನಾನು ಅಂಗಡಿಯಲ್ಲಿದ್ದೆ.

"ಅಣ್ಣಾರ, ಈ ಸಲ ನಿಮ್ಮೂರ ಮ್ಯಾಲಿಂದಽ ಬರಾಕತ್ತೇವ್ರಿ. ಹಿರಣ್ಯಕೇಶಿಗೆ ಇಳಸ್ಲೇನ್ರಿ ಕುರಿ?"

ಎರಡು ದಿನ ಮೊದಲು ನಾನು ಅಲ್ಲಿಗೆ ಹೋಗಿ ಬಂದಿದ್ದೆ. ಯಾರೂ ಕೇಳಿರಲಿಲ್ಲ, ಹೆದರಿಕೆಯಿಂದ ಹೋಗಿದ್ದೆ. ಊರ ಗಟಾರ ಕೂಡುವಲ್ಲಿ ನೀರು ಕರ್ರಗೆ ನಿಂತಿತ್ತು. ಅದರ ಕೆಳಗೆ ಬೆಳ್ಳಗೆ ಹೊಟ್ಟೆ ಮೇಲೆ ಮಾಡಿ ಮೀನುಗಳು ಬಿದ್ದಿದ್ದವು. ನಾನು ಈಜು ಕಲಿತ ಮಡು ಅದು.

"ಬ್ಯಾಡ ತಂಗಿ" ಎಂದೆ. ಈ ಸಲ ಗಟ್ಟಿಯಾಗಿಯೇ ಎಂದೆ, ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಇಲ್ಲಿ ಇಳಸಬ್ಯಾಡ. ನೇಸರಿ ಕಡೆ ಹೊಡ್ಕೊಂಡ ಹೋಗು. ಅಲ್ಲಿ ಇನ್ನೂ ಒಂದ ಜಾಗಾ ಛಲೋ ಐತಿ."

"ಆತ್ರಿ" ಎಂದಳು. ಫೋನು ಇಡುತ್ತಾಳೆ ಎಂದುಕೊಂಡೆ, ಇಡಲಿಲ್ಲ. ಹಿಂದೆ ಕುರಿಗಳ ಸದ್ದು ಕೇಳುತ್ತಿತ್ತು. ಆಮೇಲೆ, ಕಾಯಿಲೆಯವರನ್ನು ವಿಚಾರಿಸುವ ದನಿಯಲ್ಲಿ ಕೇಳಿದಳು:

"ನಮ್ಮ ಕುರೀಗಿ ಕಾಲ ಅದಾವ್ರಿ ಅಣ್ಣಾರ, ಮುಂದಿನ ನೀರಿಗೆ ನಡೀತಾವ. ನೀವು ಊರಾಗಿನ ಮಂದಿ ಏನ ಮಾಡ್ತೀರಿ?"