ಗಂ. ಭಾ. ಬರೆದ ಮಾಸ್ತರರು

ಚನಬಸು ಮಾಸ್ತರರು ಮದುವೆಯಾದ ಹೊಸತರಲ್ಲಿ, ಹೆಂಡತಿ ತವರಿನಿಂದ ಬರೆದ ಪತ್ರಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಅಂಕ ಹಾಕಿ, ತಿರುಗಿ ಕಳಿಸುತ್ತಿದ್ದರು. ಇದನ್ನು ಹೇಳಿಕೊಳ್ಳಲು ಅವರಿಗೆ ನಾಚಿಕೆಯೂ ಇರಲಿಲ್ಲ. "ಹತ್ತಕ್ಕ ನಾಕು ಕೊಟ್ಟಿದ್ದೆ. ಆಮ್ಯಾಲೆ ಬರಿಯೋದ ಬಿಟ್ಟಳು ನೋಡ್ರಿ!" ಎಂದು ನಗುತ್ತಿದ್ದರು. ಆ ಹೆಣ್ಣುಮಗಳು ಚಹಾ ತಂದಿಟ್ಟು ಒಳಗೆ ಹೋಗುತ್ತಿದ್ದರು.

ಧಾರವಾಡದ ನಮ್ಮ ಓಣಿಯಲ್ಲಿ ಈ ನಿವೃತ್ತ ಡ್ರಾಯಿಂಗ್ ಮಾಸ್ತರರ ಅಕ್ಷರಕ್ಕೆ ದೊಡ್ಡ ಹೆಸರಿತ್ತು. ಅಕ್ಷರದ ಹಿಂದೆ ಏನೂ ಇರಲಿಲ್ಲ.

"ಹಿಂದಕಿನ ಮಂದಿ ಮೊದಲ ಓದತಿದ್ರು, ಆಮ್ಯಾಲೆ ಪ್ರೀತಿ ಮಾಡತಿದ್ರು. ಕಥಿ ಓದಿ ವಿರಹ ಕಲೀತಿದ್ರು, ಪುಸ್ತಕ ನೋಡಿ ಪತ್ರಾ ಬರೀತಿದ್ರು. ನಿಮಗೇನ ಬರತದವ್ವಾ? ಫೋನಿನ ಮ್ಯಾಲೆ ಹೆಬ್ಬೆರಳು ಒತ್ತೂದು!" ಎಂದು ಮಾಸ್ತರರು ಓಣಿಯ ಹುಡುಗಿಯರಾದ ನಮ್ಮನ್ನು ಹಂಗಿಸುತ್ತಿದ್ದರು.

ಮಾತು ಪೂರ್ತಿ ಸುಳ್ಳಲ್ಲ. ಹಳಬರು ಪುಸ್ತಕದ ಸಾಲುಗಳನ್ನು ಕದ್ದೇ ಪ್ರೇಮಪತ್ರ ಬರೆದರು. ಆದರೆ ಕದಿಯುವ ಮೊದಲು ಓದಿದ್ದರು. ಮಾಸ್ತರರು ಓದುತ್ತಿರಲಿಲ್ಲ, ನಕಲು ಮಾಡುತ್ತಿದ್ದರು.

ನೆರೆಮನೆಯ ಸುಧಾಳ ಮದುವೆ ನಿಶ್ಚಯವಾದಾಗ, ತನಗೊಂದು ಕೈಬರಹದ ಪತ್ರ ಬೇಕೆಂದು ಅವಳು ವರ ಪ್ರಸನ್ನನನ್ನು ಕೇಳಿದಳು. ಆ ಪುಣ್ಯಾತ್ಮ ಗರಗದ ಸಾಲೆಯಲ್ಲಿ ತನಗೆ ಕಲಿಸಿದ್ದ ಇದೇ ಮಾಸ್ತರರ ಹತ್ತಿರ ಹೋಗಿ ಬರೆಸಿದ. ಪತ್ರ ಬಂದ ಬೆಳಿಗ್ಗೆ ನಾನು ಸುಧಾಳ ಮನೆಯಲ್ಲೇ ಇದ್ದೆ. ಪಾಕೀಟು ಮೊದಲು ಸಿಕ್ಕಿದ್ದು ಸುಧಾಳ ಅಜ್ಜಿಗೆ. ಹಿಂಬದಿಯಲ್ಲಿ ವರನ ಮನೆಯ ವಿಳಾಸ, ಮುಂಬದಿಯಲ್ಲಿ ಬೇರೆ ಯಾರದೋ ದುಂಡಗಿನ ಕೈಬರಹ: "ಗಂ. ಭಾ. ಸುಧಾ ಇವರಿಗೆ."

ಗಂ. ಭಾ. ಎಂದರೆ ಗಂಗಾ ಭಾಗೀರಥಿ. ನಮ್ಮ ಕಡೆಯ ಹಳೆಯ ಪತ್ರಗಳಲ್ಲಿ ಗಂಡ ತೀರಿದವಳ ಹೆಸರಿಗೆ ಮಾತ್ರ ಅದನ್ನು ಹಚ್ಚುತ್ತಿದ್ದರು.

"ಅಳ್ಯಾ ಹೋದನಲ್ಲೋ ವಸಂತಾ!" ಅಜ್ಜಿ ಮಗನನ್ನು ಕೂಗಿದರು. "ನಲವತ್ತು ವರ್ಷ ನನಗ ಹಿಂಗ ಬರದಾರ, ನನಗ ತಿಳಿಯೂದಿಲ್ಲೇನು?"

ಅರ್ಧ ಗಡ್ಡಕ್ಕೆ ಸಾಬೂನು ಹಚ್ಚಿಕೊಂಡೇ ಹೊರಬಂದ ಸುಧಾಳ ತಂದೆ ಎದೆ ಹಿಡಿದುಕೊಂಡು ಬಾಗಿಲಲ್ಲೇ ಕುಸಿದರು. ಅಷ್ಟರಲ್ಲಿ ಸುಧಾ ಹಚ್ಚಿದ ಫೋನಿನಿಂದ ಪ್ರಸನ್ನನ ದನಿ: "ಪತ್ರಾ ಮುಟ್ಟಿತೇನು? ಅಕ್ಷರ ಭಾಳ ಛಲೋ ಅದಾವಲ್ಲ?"

ಸತ್ತೂರಿನ ಆಸ್ಪತ್ರೆಯವರೆಗೆ ಕಾರು ಓಡಿಸಿದ್ದು ನಾನು. ಹಿಂದಿನ ಸೀಟಿನ ಉಸಿರು ಕೇಳಿಸದೆ ಹೋದೀತೆಂದು ಹಾರ್ನ್ ಹೊಡೆಯಲೂ ಹೆದರಿದ್ದೆ. ನಡುವೆ ಒಮ್ಮೆ ಅದು ಕೇಳಿಸಲೇ ಇಲ್ಲ. ಈಗಲೂ ಆ ರಸ್ತೆಯಲ್ಲಿ ಹೋಗುವಾಗ, ಕಾರು ಖಾಲಿ ಇದ್ದರೂ, ಕನ್ನಡಿಯಲ್ಲಿ ಹಿಂದೆ ನೋಡುತ್ತೇನೆ.

ಅವರು ಉಳಿದರು. ಮೂರನೆಯ ದಿನ ಮಾಸ್ತರರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಆಸ್ಪತ್ರೆಗೆ ಬಂದರು.

"ಪತ್ರಾ ಬರಿಯೋ ಪುಸ್ತಕದಾಗ ಹಂಗ ಇತ್ತವ್ವಾ. ಗಂಗಾ, ಭಾಗೀರಥಿ... ಎಷ್ಟ ಪವಿತ್ರ!"

"ಪುಸ್ತಕದಾಗಿನ ಆ ಪತ್ರಾ ಯಾರಿಗೆ ಬರದದ್ದಿತ್ರಿ, ಸರ?" ಎಂದು ಕೇಳಿದೆ.

"ಅದನ್ನ ನೋಡಲಿಲ್ಲ." ಒಳಗೆ ಮಲಗಿದವರ ಬಗ್ಗೆ ಒಂದು ಮಾತೂ ಇಲ್ಲ. ದನಿ ತಗ್ಗಿಸಿ ಕೇಳಿದರು: "ಪಾಕೀಟ ಇಟ್ಟೀರೇನು? 'ಭಾ' ಅಷ್ಟ ಚಂದ ಮತ್ತ ಬರೂದಿಲ್ಲ."

ಪಾಕೀಟು ನನ್ನ ಚೀಲದಲ್ಲೇ ಇತ್ತು. "ಇಲ್ರಿ," ಎಂದೆ. ಅವರೊಡನೆ ನಾನಾಡಿದ ಕೊನೆಯ ಮಾತು ಅದು.