ಅತ್ತೆಯ ಫೋನು, ನನ್ನ ಹೊಟ್ಟೆಕಿಚ್ಚು

ಮನೆಯ ಲ್ಯಾಂಡ್‌ಲೈನ್ ತೆಗೆಸಿ ಇಂಟರ್ನೆಟ್ ಫೋನ್ ಹಾಕಿಸೋಣ ಎಂದು ಹಟ ಹಿಡಿದವಳು ನಾನೇ. ಅರಸೀಕೆರೆಯಲ್ಲಿ ನಾಲ್ಕು ಹನಿ ಬಿದ್ದರೆ ಸಾಕು, ಹಳೇ ಫೋನು ಗೊರಗೊರ ಎನ್ನುತ್ತಿತ್ತು. ಬಿಲ್ಲು ಮಾತ್ರ ತಪ್ಪದೆ ಬರುತ್ತಿತ್ತು. ಫೋನೇ ಬೇಡವೆನ್ನಲು ಅತ್ತೆಗೆ ಮೊಬೈಲು ಒಗ್ಗುತ್ತಿರಲಿಲ್ಲ. ಕಿವಿಗೆ ಹಿಡಿದರೆ ಕೆನ್ನೆ ತಾಗಿ ಕಟ್ಟಾಗುತ್ತಿತ್ತು. ನೆಟ್ ಜೊತೆಗೇ ಫೋನೂ ಬರುತ್ತದೆ, ಖರ್ಚು ಅರ್ಧಕ್ಕಿಳಿಯುತ್ತದೆ ಎಂದು ನಮ್ಮ ಕಚೇರಿಯವರೊಬ್ಬರು ಹೇಳಿದ ಮೇಲೆ ನಾನು ಸುಮ್ಮನಿರಲಿಲ್ಲ.

ತಲೆ ನರೆತ ಕೇಬಲ್‌ನವರೊಬ್ಬರು ಬಂದು ನಡುಮನೆಯ ಗೋಡೆಗೆ ಬಿಳಿ ಪೆಟ್ಟಿಗೆ ಕೂರಿಸಿ, ಹಳೇ ಫೋನನ್ನೇ ಅದರ ಹಿಂಬದಿಗೆ ಸಿಕ್ಕಿಸಿದರು.

“ಎಷ್ಟೊತ್ತು ಮಾತಾಡಿದ್ರೂ ದುಡ್ಡಿಲ್ವೇನಪ್ಪಾ?” ಎಂದು ಅತ್ತೆ ಕೇಳಿದರು.

“ಇಡೀ ದಿನ ಮಾತಾಡಿ ಅಮ್ಮಾ, ಯಾರು ಕೇಳ್ತಾರೆ?”

ಅತ್ತೆ ಆ ಮಾತನ್ನು ಹಾಗೇ ನಂಬಿದರು. ಮಾರನೆಯ ಸಂಜೆ ನಾನು ಕಚೇರಿಯಿಂದ ಬಂದಾಗ ಅವರು ಕುರ್ಚಿ ಎಳೆದುಕೊಂಡು ಹಳೇಬೀಡಿಗೆ ಮಾತಾಡುತ್ತಿದ್ದರು. ಆ ತುದಿಯಲ್ಲಿದ್ದವಳು ನನ್ನ ಓರಗಿತ್ತಿ, ಮೈದುನನ ಹೆಂಡತಿ. ಮೈದುನ ಅಲ್ಲಿ ಮನೆತನದ ಪೂಜೆಯ ಕೆಲಸ ನೋಡಿಕೊಳ್ಳುತ್ತಾನೆ. ಮಂಡಿ ಆಪರೇಷನ್ ಆದಮೇಲೆ, ಆಸ್ಪತ್ರೆ ಹತ್ತಿರವಿರಲಿ ಎಂದು ನಾನೂ ನನ್ನ ಗಂಡನೂ ಅತ್ತೆಯನ್ನು ಅಲ್ಲಿಂದ ಕರೆತಂದು ಎರಡು ವರ್ಷವಾಗಿತ್ತು.

ಹಳೇ ಲೈನಿದ್ದಾಗ ಅತ್ತೆ ಎರಡು ನಿಮಿಷಕ್ಕೆ ಇಡುತ್ತಿದ್ದರು. ಈಗ ಗಂಟೆಗಟ್ಟಲೆ. ಮಾತು ಉದ್ದವಾದದ್ದಕ್ಕೆ ನನಗೇನೂ ಅನಿಸಲಿಲ್ಲ. ಆ ನಗು ಮಾತ್ರ ಚುಚ್ಚಿತು. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು. ಎರಡು ವರ್ಷದಲ್ಲಿ ಒಂದು ದಿನವೂ ನಮ್ಮ ಮನೆಯಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಜೊತೆಗೆ ಆ ‘ಕಣೇ’. “ಇಂಗು ಕಡಲೆಕಾಳಿನಷ್ಟು ಸಾಕು ಕಣೇ”, “ಹಾಗಲ್ಲ ಕಣೇ, ಬೆಲ್ಲ ಕೊನೇಲಿ ಹಾಕು.” ನನ್ನೊಡನೆ ಮಾತಾಡುವಾಗ ಅವರು ‘ನೋಡಮ್ಮ’, ‘ಹೋಗಮ್ಮ’ ಎನ್ನುತ್ತಿದ್ದರು, ಬಾಡಿಗೆ ಮನೆಯ ಯಜಮಾನಿಗೆ ಹೇಳಿದಂತೆ. ಬೆಳಗ್ಗೆ ಐದಕ್ಕೆದ್ದು ಬಿಸಿನೀರು ಕಾಯಿಸಿ, ಮಂಡಿಗೆ ಎಣ್ಣೆ ತಿಕ್ಕಿ, ಮಾತ್ರೆ ಎಣಿಸಿಟ್ಟು ಕಚೇರಿಗೆ ಓಡುವವಳು ನಾನು. ‘ಕಣೇ’ ಅವಳಿಗೆ. ಇಪ್ಪತ್ತು ವರ್ಷದಿಂದ ಪುಳಿಯೋಗರೆ ಮಾಡುವವಳಿಗೆ ಇಂಗು ಎಷ್ಟೆಂದು ಗೊತ್ತಿಲ್ಲವೇ? ಎಲ್ಲ ನಾಟಕ ಎಂದು ಪಾತ್ರೆ ಕುಕ್ಕುತ್ತಿದ್ದೆ.

ಒಂದು ಗುರುವಾರ ಯಾರೂ ಕಾಣದ ಹಾಗೆ ಪೆಟ್ಟಿಗೆಯ ಹಿಂದೆ ಕೈ ಹಾಕಿ ಫೋನಿನ ವೈರನ್ನು ಒಂದಿಷ್ಟು ಎಳೆದೆ. ನೆಟ್ ಇತ್ತು, ಫೋನು ಸತ್ತಿತ್ತು. ಕಂಪ್ಲೇಂಟ್ ಕೊಟ್ಟಿದ್ದೇನೆ ಎಂದು ಮನೆಯವರಿಗೆಲ್ಲ ಹೇಳಿದೆ. ಓರಗಿತ್ತಿ ನನ್ನ ಮೊಬೈಲಿಗೆ ಮಾಡಿದಾಗಲೆಲ್ಲ, “ಅತ್ತೆ ಮಲಗಿದ್ದಾರೆ” ಎಂದೆ. ಅತ್ತೆ ಕುರ್ಚಿಯಲ್ಲೇ ಕೂತಿದ್ದರು. ಆಗಾಗ ರಿಸೀವರ್ ಎತ್ತಿ, ಸದ್ದಿಲ್ಲವೆಂದು ಮತ್ತೆ ಮೆಲ್ಲಗೆ ಇಡುತ್ತಿದ್ದರು. ಆ ಮೂರು ದಿನ ಮನೆಯಲ್ಲಿ ನಗುವಿರಲಿಲ್ಲ. ಗೆದ್ದೆ ಎಂದುಕೊಂಡೆ. ಆದರೆ ಅವರು ನನ್ನೊಡನೆಯೂ ಮಾತಾಡಲಿಲ್ಲ.

ಭಾನುವಾರ ಬೆಳಗ್ಗೆ ಓರಗಿತ್ತಿ ಬಾಗಿಲಲ್ಲಿ ನಿಂತಿದ್ದಳು. ಜಾವಗಲ್ ಮೇಲೆ ಬರುವ ಮೊದಲ ಬಸ್ಸು ಹಿಡಿದಿದ್ದಳು.

“ಯಾವಾಗ ಮಾಡಿದ್ರೂ ಮಲಗಿದಾರೆ ಅಂದ್ರಿ ಅಕ್ಕ. ಜ್ವರಗಿರ ಏನೋ ಅಂತ ಗಾಬರಿ ಆಯ್ತು.”

ಅತ್ತೆ ಅವಳ ಕೈ ಹಿಡಿದು, ಮೊದಲು ಫೋನಿನ ದೂರನ್ನೇ ಹೇಳಿದರು. ಅವಳು ಪೆಟ್ಟಿಗೆಯ ಹಿಂದೆ ಬಗ್ಗಿ ನೋಡಿದಳು. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದಳು. ನನ್ನ ಮುಖದಲ್ಲಿ ಏನು ಕಂಡಳೋ, ತಿಳಿದುಬಿಟ್ಟಿತು ಅವಳಿಗೆ. ವೈರನ್ನು ಒತ್ತಿ ಕೂರಿಸಿ, “ಇಲಿ ಎಳೆದಿರಬೇಕು ಅತ್ತೆ” ಎಂದಳು.

“ನೋಡು, ನೀನು ಬಂದ ಕೂಡ್ಲೆ ಸರಿಹೋಯ್ತು ಕಣೇ!” ಎಂದರು ಅತ್ತೆ.

ಅವಳು ನನ್ನನ್ನು ಹಿಡಿದುಕೊಟ್ಟಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆನೇನೋ. ಮುಚ್ಚಿಹಾಕಿದಳು. ಅದಕ್ಕೂ ನನ್ನ ಹೊಟ್ಟೆ ಉರಿಯಿತು. ಆ ದೊಡ್ಡಬುದ್ಧಿಯೂ ಅವಳಿಗೇ ಇರಬೇಕೆ?

ಮಧ್ಯಾಹ್ನ ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ಹೋದೆ. ಬಸ್ಸಿಗೆ ಕಾಯುವಾಗ ತಡೆಯಲಾಗದೆ ಕೇಳಿಯೇಬಿಟ್ಟೆ. “ಇಂಗು ಎಷ್ಟು ಹಾಕ್ಬೇಕು ಅಂತ ನಿಂಗೆ ನಿಜವಾಗ್ಲೂ ಗೊತ್ತಿಲ್ವಾ?”

“ಗೊತ್ತು ಅಕ್ಕ.” ಅವಳು ರಸ್ತೆಯ ಕಡೆ ನೋಡುತ್ತಿದ್ದಳು. “ಹದಿನೆಂಟು ವರ್ಷ ಒಂದೇ ಒಲೆ ಮುಂದೆ ಇದ್ವಿ ನಾವಿಬ್ರು. ಅಣ್ಣತಮ್ಮಂದಿರು ಮಾತಾಡ್ಕೊಂಡ್ರು, ನೀವು ಕಾರು ತಂದು ಕರ್ಕೊಂಡು ಹೋದ್ರಿ. ನನ್ನ ಒಂದು ಮಾತು ಕೇಳಿದ್ರಾ?”

ಅತ್ತೆಯ ಹೊರೆ ಹೊತ್ತವಳು ನಾನೆಂದು ಎರಡು ವರ್ಷ ಹೆಮ್ಮೆಪಟ್ಟಿದ್ದೆ. ಅವಳಿಂದ ಏನನ್ನಾದರೂ ಕಿತ್ತುಕೊಂಡೆನೆಂದು ಒಮ್ಮೆಯೂ ಹೊಳೆದಿರಲಿಲ್ಲ. “ತಪ್ಪಾಯ್ತು” ಎಂದೆ. ಯಾವುದಕ್ಕೆಂದು ಅವಳು ಕೇಳಲಿಲ್ಲ. ಬಸ್ಸು ಬಂತು, ಹತ್ತಿದಳು.

ಮಂಡಿ ನೋವು ಕಡಿಮೆಯಾದ ಮೇಲೆ, ಒಂದು ತಿಂಗಳು ಹಳೇಬೀಡಿನಲ್ಲಿ ಇದ್ದು ಬರುತ್ತೀರಾ ಎಂದು ನಾನೇ ಅತ್ತೆಯನ್ನು ಕೇಳಿದೆ. ಅವರು ಆಗಿಂದಾಗಲೇ ಬ್ಯಾಗು ತುಂಬಲು ಎದ್ದಾಗ ಒಳಗೆ ಚುರ್ರೆಂದಿತು. ನಾನೇ ಕರೆದುಕೊಂಡು ಹೋಗಿ ಬಿಟ್ಟುಬಂದೆ. ಮರುದಿನ ಸಂಜೆ ಖಾಲಿ ನಡುಮನೆಯಲ್ಲಿ ಅವರ ಕುರ್ಚಿಯಲ್ಲೇ ಕೂತು ಹಳೇಬೀಡಿಗೆ ಫೋನು ಮಾಡಿದೆ. ಹಾಲಿನವನು ಬಂದನೇ, ಗ್ಯಾಸ್ ಬಂತೇ ಎಂದು ಅತ್ತೆ ಕೇಳಿದರು. ಮಾತ್ರೆ ತಗೊಂಡ್ರಾ ಎಂದು ನಾನು ಕೇಳಿದೆ. ಐದು ನಿಮಿಷಕ್ಕೆ ಇಬ್ಬರಿಗೂ ಮಾತು ಮುಗಿಯಿತು. ಅದರ ಮಾರನೆಯ ಸಂಜೆಯೂ ಮಾಡಿದೆ.